ಮೂವತ್ತೇಳನೇ ಪುಟದ ಕತ್ತಲು

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಅವಳ ಹಲ್ಲಿನಿಂದಲ್ಲ, ಬೇರೆಯವರ ಹಲ್ಲಿನಿಂದ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಪಕ್ಕದ ಹಲ್ಲಿಗೂ ಹೊಸದಕ್ಕೂ ಒಂದಿಷ್ಟೂ ಭೇದ ಕಾಣದ ಹಾಗೆ ಹಲ್ಲು ಮಾಡಿಕೊಡುವುದು ಅವಳ ಕಸುಬು. ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ. ಊರಲ್ಲಿ ಬಾಯ್ತುಂಬ ನಗುವವರಲ್ಲಿ ಎಷ್ಟೋ ಜನ ನಗುವುದು ಅವಳ ಕೈಗುಣದಿಂದ. ನಮಗೆಲ್ಲ ಬಿಳಿ ಎಂದರೆ ಒಂದೇ ಬಿಳಿ. ಅವಳ ಮೇಜಿನ ಮೇಲಿನ ಶೇಡ್ ಪಟ್ಟಿಯಲ್ಲಿ ಹದಿನಾರು ಬಿಳಿಗಳಿವೆ, ಅವಳನ್ನು ಕೇಳಿದರೆ ಅವೂ ಸಾಲವು.

ಇಂಥ ಕಣ್ಣು ಮನೆಗೆ ಬಂದಮೇಲೂ ಸುಮ್ಮನಿರುತ್ತದೆಯೇ? ಅದು ಫೋಟೋ ಪುಸ್ತಕಗಳ ಬೆನ್ನು ಹತ್ತಿತು. ಮೊದಲು ಒಂದು ಕಪಾಟು, ಆಮೇಲೆ ಒಂದು ಗೋಡೆ, ಆಮೇಲೆ ಇಡೀ ಕೋಣೆ. ಮಂಚವನ್ನು ಹಜಾರಕ್ಕೆ ಎಳೆದ ದಿನ ಅವಳ ಗಂಡ, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಸೊಂಟ ಹಿಡಿದುಕೊಂಡು ಹೇಳಿದ: "ಓದೋಕೆ ನಾಲ್ಕು ಅಕ್ಷರ ಇರಲ್ಲ, ಎತ್ತೋಕೆ ಮಾತ್ರ ನಾಲ್ಕು ಜನ ಬೇಕು. ಇದೆಂಥ ಪುಸ್ತಕಾನೇ?"

"ನಿಮ್ಮ ಬಸ್ಸಲ್ಲಿ ಏನು ಅಕ್ಷರ ಇತ್ತು? ಆದ್ರೂ ಜನ ಹತ್ತುತ್ತಿರಲಿಲ್ವಾ?" ಎಂದಳು ಹಲ್ಲಕ್ಕ. ಮಂಚ ಹಜಾರದಲ್ಲೇ ಉಳಿಯಿತು.

ಸಂಗ್ರಹಕಾರರಲ್ಲಿ ಎರಡು ಜಾತಿ. ಮೊದಲ ಮುದ್ರಣ ಬಿಟ್ಟು ಬೇರೆಯದನ್ನು ಮುಟ್ಟಿದರೆ ಕೈ ತೊಳೆಯುವವರು ಒಂದು. ಹೊಸ ಮುದ್ರಣ ಸಿಕ್ಕಿತಲ್ಲ, ಹಳೆಯದಕ್ಕೆ ಯಾಕೆ ಪರದಾಡಬೇಕು ಎನ್ನುವವರು ಇನ್ನೊಂದು. ಹಲ್ಲಕ್ಕ ಎರಡಕ್ಕೂ ಸೇರದವಳು. ಅವಳಿಗೆ ಎರಡೂ ಬೇಕು. ಹಳೆಯದರ ಪಕ್ಕದಲ್ಲೇ ಹೊಸದನ್ನು ನಿಲ್ಲಿಸಿ, ಎರಡನ್ನೂ ಒಂದೇ ಪುಟಕ್ಕೆ ತೆರೆದು, ಕಿಟಕಿಯ ಬೆಳಕಿನಲ್ಲಿ ಕಣ್ಣು ಅತ್ತ ಇತ್ತ ಹಾಯಿಸುವುದರಲ್ಲೇ ಅವಳ ರಜಾದಿನಗಳು ಕಳೆಯುತ್ತಿದ್ದವು. ಹತ್ತಾರು ವರ್ಷ ಯಾರ ಕೈಗೂ ಸಿಗದೆ ಸತ್ತಂತಿದ್ದ ಪುಸ್ತಕ ಮತ್ತೆ ಅಂಗಡಿಯಲ್ಲಿ ಘಮಘಮ ಮಸಿಯ ವಾಸನೆಯೊಂದಿಗೆ ಕೂತಿರುವುದನ್ನು ನೋಡಿದರೆ ಅವಳಿಗೆ ನಿಜವಾಗಿ ಸಂತೋಷವಾಗುತ್ತಿತ್ತು. ಆದರೆ ಒಂದು ಷರತ್ತು. ಹೊಸದು ಹಳೆಯದಕ್ಕೆ ಹೊಂದಬೇಕು, ಹಲ್ಲಿಗೆ ಹಲ್ಲು ಹೊಂದುವ ಹಾಗೆ. ಸುಧಾರಿಸುತ್ತೇವೆ ಎಂದು ಹೊರಟು ಬಣ್ಣ ಬದಲಿಸಿದ ಪ್ರಕಾಶಕರಿಗೆ ಅವಳು ಬರೆಯುತ್ತಿದ್ದ ಪತ್ರಗಳು ಸಾಕಷ್ಟು ಹೆಸರುವಾಸಿ. ಒಬ್ಬ ಪ್ರಕಾಶಕ ಅವನ್ನು ಚೌಕಟ್ಟು ಹಾಕಿಸಿ ಶೌಚಾಲಯದಲ್ಲಿ ತೂಗುಹಾಕಿದ್ದಾನೆ ಎಂಬ ಸುದ್ದಿಯೂ ಇತ್ತು.

ಅವಳ ನಾನೂರು ಚಿಲ್ಲರೆ ಪುಸ್ತಕಗಳಲ್ಲಿ ಕಣ್ಮಣಿ ಎಂದರೆ 'ಸೈರನ್ ಆದಮೇಲೆ'. ನೂಲಿನ ಗಿರಣಿಯೊಂದರ ಕೆಲಸಗಾರರ ಚಿತ್ರಗಳು, ನಲವತ್ತು ವರ್ಷದ ಹಿಂದಿನವು. ಛಾಯಾಗ್ರಾಹಕ ಅದೊಂದೇ ಪುಸ್ತಕ ತಂದು ಆಮೇಲೆ ಸುಮ್ಮನಾದವನು. ಪ್ರತಿಗಳು ಸಿಗುವುದೇ ಅಪರೂಪ. ಗೋದಾಮಿಗೆ ನೀರು ನುಗ್ಗಿತಂತೆ, ಗಿರಣಿಯವರೇ ಸುಟ್ಟರಂತೆ, ಹೀಗೆ ಸಂಗ್ರಹಕಾರರಲ್ಲಿ ತಲೆಗೊಂದು ಕತೆ ಇತ್ತು. ಪುಸ್ತಕದ ವಿಶೇಷವೆಂದರೆ ಅದರ ಬೂದು. ಅದರಲ್ಲಿ ಕಪ್ಪು ಎಂಬುದೇ ಇಲ್ಲ. ಎಲ್ಲ ಚಿತ್ರಗಳ ಮೇಲೂ ಹತ್ತಿಯ ಧೂಳು ಕೂತ ಹಾಗೆ ಒಂದು ತೆಳು ಪರದೆ. ಆಹಾ, ಗಿರಣಿಯ ಗಾಳಿಯನ್ನೇ ಹಾಳೆಯ ಮೇಲೆ ಇಳಿಸಿದ್ದಾನೆ ಮಹಾರಾಯ ಎಂದು ತಿಳಿದವರು ತಲೆದೂಗುತ್ತಿದ್ದರು.

ಆ ಬೂದಿನೊಳಗಿಂದ ಹಲ್ಲಕ್ಕ ಒಂದು ನಿಧಿ ಹೆಕ್ಕಿದ್ದಳು. ಮೂವತ್ತೇಳನೇ ಪುಟದಲ್ಲಿ ಮೂವರು ಗಂಡಸರು ಗೋದಾಮಿನ ಬಾಗಿಲಿಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದಾರೆ. ಅವರ ಹಿಂದೆ ಅರೆತೆರೆದ ಬಾಗಿಲು, ಒಳಗೆ ಕತ್ತಲು. ಒಂದು ಭಾನುವಾರ ಭೂತಗನ್ನಡಿ ಹಿಡಿದು ಆ ಕತ್ತಲನ್ನು ಸವರುತ್ತಿದ್ದವಳ ಕೈ ಗಕ್ಕನೆ ನಿಂತಿತು. ಬುಟ್ಟಿಗಳ ನಡುವೆ ಒಬ್ಬ ಹೆಂಗಸು ಕೂತಿದ್ದಾಳೆ! ತಲೆ ಬಗ್ಗಿಸಿ ಮಡಿಲಿನ ಮಗುವಿಗೆ ಹಾಲು ಕುಡಿಸುತ್ತಿದ್ದಾಳೆ. ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದವಳು. ಹಲ್ಲಕ್ಕ ಅದನ್ನು ಪತ್ರಿಕೆಯೊಂದಕ್ಕೆ ಬರೆದಳು, ಫೋಟೋ ಪುಸ್ತಕದ ಮಂದಿಯಲ್ಲಿ ಅದು ಮನೆಮಾತಾಯಿತು. 'ಕತ್ತಲ ತಾಯಿ' ಎಂದು ಹೆಸರೂ ಬಿತ್ತು. ಹಲ್ಲು ಮಾಡುವ ಹೆಂಗಸು ಕಂಡುಹಿಡಿದದ್ದು ಎಂದು ಕೆಲವರು ಮೂಗು ಮುರಿದರು. ಅವರ ಪೈಕಿ ಇಬ್ಬರಿಗೆ ಆಮೇಲೆ ಅವಳೇ ಹಲ್ಲು ಮಾಡಿಕೊಟ್ಟಳು.

ಆ ಲೇಖನ ಓದಿಯೇ ಒಬ್ಬ ಪ್ರಕಾಶಕಿ ಫೋನು ಮಾಡಿದ್ದು. ಮೂವತ್ತೈದು ದಾಟದ ಚುರುಕು ಹುಡುಗಿ. "ಅಕ್ಕಾ, 'ಸೈರನ್ ಆದಮೇಲೆ' ಮತ್ತೆ ತರ್ತಾ ಇದೀನಿ. ಫೋಟೋ ತೆಗೆದ ಅಜ್ಜ ಇನ್ನೂ ಇದಾರೆ, ಒಪ್ಪಿದಾರೆ, ನೆಗೆಟಿವ್ ಎಲ್ಲ ಕೊಟ್ಟಿದಾರೆ. ಪಾಪ, ಕಣ್ಣು ಮಾತ್ರ ಮಂಜು. ಬಣ್ಣ ನೋಡೋಕೆ ನೀವು ಬರಬೇಕು. ಕೊನೇಲಿ ನಿಮ್ಮ ಲೇಖನಾನೂ ಹಾಕ್ತೀನಿ."

ಹಲ್ಲಕ್ಕ ಫೋನು ಇಟ್ಟು ಕುರ್ಚಿಯಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಜೀವಮಾನವೆಲ್ಲ ಪುಸ್ತಕದ ಹೊರಗೆ ನಿಂತು ಇಣುಕಿದವಳ ಹೆಸರು ಈಗ ಪುಸ್ತಕದ ಒಳಗೆ ಬರುವುದಿತ್ತು. ಅದೂ ಆ ಪುಸ್ತಕದ ಒಳಗೆ. ಗಂಡನಿಗೆ ಹೇಳಿದಾಗ ಅವನು ಮೊದಲ ಸಲ ಒಂದು ಫೋಟೋ ಪುಸ್ತಕವನ್ನು ತಾನಾಗಿ ಕೈಗೆತ್ತಿಕೊಂಡು ಮೂವತ್ತೇಳನೇ ಪುಟ ತೆಗೆದು, ತಲೆಕೆಳಗಾಗಿ ಹಿಡಿದು, ಚೆನ್ನಾಗಿದೆ ಎಂದ.

ಮುದ್ರಣದ ದಿನ ಬೆಳಿಗ್ಗೆ ಎಂಟಕ್ಕೇ ಅವಳು ಪ್ರೆಸ್ಸಿನಲ್ಲಿದ್ದಳು. ಕೈಯಲ್ಲಿ ತನ್ನ ಹಳೆಯ ಪ್ರತಿ, ಚೀಲದಲ್ಲಿ ಭೂತಗನ್ನಡಿ. ಮೆಷಿನ್ ನಡೆಸುವವನು ಮಸಿಯಣ್ಣ. ಮೂವತ್ತು ವರ್ಷದಿಂದ ಉಗುರಿನ ಸಂದಿಯ ಮಸಿ ತೊಳೆದರೂ ಹೋಗದ್ದಕ್ಕೆ ಆ ಹೆಸರು. ಬರೀ ಕಪ್ಪು ಮಸಿಯಲ್ಲಿ ಆ ಬೂದು ಬರುವುದಿಲ್ಲ ಎಂದು ಹಲ್ಲಕ್ಕನೇ ಹಟ ಹಿಡಿದು ಎರಡು ಮಸಿ ಮಾಡಿಸಿದ್ದಳು: ಅಡಿಯಲ್ಲಿ ಬೂದು, ಅದರ ಮೇಲೆ ತೆಳುವಾದ ಕಪ್ಪು. ಮಸಿಯಣ್ಣ ಮೊದಲು ಗೊಣಗಿದ. ಅವಳು ಹಳೆಯ ಪುಟದ ಪಕ್ಕದಲ್ಲಿ ಹೊಸ ಹಾಳೆ ಇಟ್ಟು "ಇನ್ನೂ ಒಂದು ಕೂದಲೆಳೆ ಹಳದಿ ಇದೆ" ಎಂದಾಗ ನಕ್ಕ. ಬಣ್ಣ ಅಳೆಯುವ ಯಂತ್ರ ಹಿಡಿದು ನೋಡಿದಾಗ ನಗು ನಿಂತಿತು. ಅಲ್ಲಿಂದಾಚೆ ಅವಳು ಹೇಳಿದಂತೆ ಮೆಷಿನ್ ಕುಣಿಯಿತು. ಮೊದಲ ಮೂವತ್ತೆರಡು ಪುಟಗಳು ಮಧ್ಯಾಹ್ನದೊಳಗೆ ಮುಗಿದವು, ಹಳೆಯದರ ಪಡಿಯಚ್ಚು.

ಊಟದ ಹೊತ್ತಿಗೆ ಪ್ರಕಾಶಕಿ ಅಜ್ಜನನ್ನು ಕಾರಿನಲ್ಲಿ ಕರೆದುಕೊಂಡು ಬಂದಳು. ಎಂಬತ್ತನಾಲ್ಕು ವರ್ಷದ ಸಪೂರ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಮೇಲಿನ ಗುಂಡಿಯವರೆಗೂ ಹಾಕಿದ್ದು. ಮೆಷಿನ್ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅವರನ್ನು ಕೂರಿಸಿ, ಹೊಸ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಅಜ್ಜ ಹಾಳೆಯನ್ನು ಮೂಗಿನ ಹತ್ತಿರ ತಂದು ಮೂಸಿದರು, ಬೆರಳಿನಿಂದ ಸವರಿದರು.

"ಕಪ್ಪು ಸರಿಯಾಗಿ ಕೂತಿದೆಯಾ?" ಎಂದು ಕೇಳಿದರು.

"ಮೊದಲನೇ ಮುದ್ರಣ ಹೇಗಿತ್ತೋ ಹಾಗೇ ಇದೆ ಅಜ್ಜ, ಚೂರೂ ಹೆಚ್ಚು ಕಮ್ಮಿ ಇಲ್ಲ," ಎಂದಳು ಹಲ್ಲಕ್ಕ.

ಅಜ್ಜ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪ್ರಕಾಶಕಿ, "ಅಕ್ಕ ಬರೆದಿರೋ ಲೇಖನ ಅಜ್ಜಂಗೆ ಇನ್ನೂ ಯಾರೂ ಓದಿ ಹೇಳಿಲ್ಲ. ನೀವೇ ಓದಿಬಿಡಿ ಅಕ್ಕಾ," ಎಂದಳು.

ಇದಕ್ಕಾಗಿಯೇ ಕಾದಿದ್ದವಳ ಹಾಗೆ ಹಲ್ಲಕ್ಕ ಕನ್ನಡಕ ಏರಿಸಿದಳು. ಬೂದಿನ ಬಗ್ಗೆ ಎರಡು ಪುಟ ಓದಿದಳು. ಅಜ್ಜ ಅಲ್ಲಾಡಲಿಲ್ಲ. ಮೂವತ್ತೇಳನೇ ಪುಟಕ್ಕೆ ಬಂದಾಗ ಅವಳ ದನಿ ತಾನಾಗಿ ಮೇಲೇರಿತು. ಬುಟ್ಟಿಗಳು, ಬಗ್ಗಿದ ತಲೆ, ಮಗುವಿನ ಮುಷ್ಟಿ, ಜಾರಿದ ರವಿಕೆ, ಒಂದೊಂದನ್ನೂ ಬಿಡಿಸಿ ಬಿಡಿಸಿ ಬರೆದಿದ್ದಳು. 'ನಲವತ್ತು ವರ್ಷ ಕತ್ತಲಲ್ಲಿದ್ದ ಈ ತಾಯಿಯನ್ನು ಬೆಳಕಿಗೆ ತಂದದ್ದು ಈ ಪುಸ್ತಕದ ಬೂದು' ಎಂದು ಓದಿ ತಲೆಯೆತ್ತಿದಳು. ಅಜ್ಜ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದರು.

"ಅವಳು ಕಾಣ್ತಾಳಾ?" ಎಂದರು. "ಈ ಹೊಸದರಲ್ಲೂ?"

"ಹೂಂ ಅಜ್ಜ! ಇನ್ನೂ ಸ್ಪಷ್ಟವಾಗಿ ಕಾಣ್ತಾಳೆ," ಎಂದಳು ಪ್ರಕಾಶಕಿ ಹುರುಪಿನಿಂದ. "ಆ ಹಾಳೆ ಈಗ ಮೆಷಿನ್ನಿಗೆ ಹೋಗ್ತಾ ಇದೆ."

"ನಿಲ್ಸು," ಎಂದರು ಅಜ್ಜ. ದನಿ ಸಣ್ಣದೇ. ಆದರೆ ಆ ದನಿಗೆ ಪ್ರಕಾಶಕಿ ಎದ್ದು ಓಡಿದಳು. ಪಕ್ಕದ ಕೋಣೆಯಲ್ಲಿ ಮೆಷಿನ್ನಿನ ಸದ್ದು ಇಳಿದು ನಿಂತಿತು.

ಪ್ರಕಾಶಕಿ ವಾಪಸು ಬಂದಮೇಲೆ ಅಜ್ಜ ಹೇಳಿದರು. ಆ ಹೆಂಗಸು ಆಗಿನ ಪಾಳಿಯ ಕೆಲಸದವಳು, ಯಂತ್ರದ ಮುಂದೆ ಇರಬೇಕಾದವಳು. ಅವಳ ತಾಯಿ ಹಿಂದಿನ ಗೇಟಿಗೆ ಮಗುವನ್ನು ತರುತ್ತಿದ್ದಳು. ಇವಳು ಕದ್ದು ಬಂದು ಐದು ನಿಮಿಷ ಗೋದಾಮಿನಲ್ಲಿ ಹಾಲು ಕುಡಿಸಿ ಓಡುತ್ತಿದ್ದಳು. ಬಾಗಿಲ ಬಳಿ ಕೂತ ಮೂವರಿಗೂ ಅದು ಗೊತ್ತು. ಅವರು ಅಲ್ಲಿ ಕೂತದ್ದೇ ಕಾವಲಿಗೆ.

"ನಾನು ಕ್ಯಾಮೆರಾ ಎತ್ತಿದಾಗ ಒಳಗಿಂದ, ಬೇಡಣ್ಣ, ನಾನಿದೀನಿ ಅಂದಳು. ನೀನು ಕತ್ತಲಲ್ಲಿದೀಯ ತಾಯಿ, ಬರಲ್ಲ, ನನ್ನ ಮಾತು ನಂಬು ಅಂದೆ. ಸುಳ್ಳಲ್ಲ. ನಾನು ಡಾರ್ಕ್‌ರೂಮಲ್ಲಿ ಕೈಯಾರೆ ತೊಳೆದ ಪ್ರಿಂಟಲ್ಲಿ ಆ ಬಾಗಿಲೊಳಗೆ ಏನೂ ಇಲ್ಲ, ಬರೀ ಕಪ್ಪು. ಪುಸ್ತಕ ಅಚ್ಚಾಗೋವಾಗ ಪ್ರೆಸ್ಸಲ್ಲಿ ಮಸಿ ಸಾಲಲಿಲ್ಲ. ಎಣ್ಣೆ ಬೆರೆಸಿ ತೆಳು ಮಾಡಿ ಒತ್ತಿಬಿಟ್ಟರು. ನಾನು ಊರಲ್ಲಿರಲಿಲ್ಲ."

"ಅಂದ್ರೆ... ಆ ಬೂದು?" ಎಂದಳು ಹಲ್ಲಕ್ಕ.

"ಯಾವ ಬೂದಮ್ಮ? ಅದು ಮಸಿ ಸಾಲದೆ ಬಂದದ್ದು."

ಗಿರಣಿಯ ಮೇಲ್ವಿಚಾರಕನೂ ಒಂದು ಪ್ರತಿ ಕೊಂಡಿದ್ದ. ಅವನ ಕಣ್ಣೂ ಚೆನ್ನಾಗಿತ್ತು. ವಾರದೊಳಗೆ ಆ ಹೆಂಗಸಿನ ಕೆಲಸ ಹೋಯಿತು. ಅವಳು ಅಜ್ಜನ ಮನೆಗೆ ಬಂದಳು, ಯಾರಿಂದಲೋ ಪುಸ್ತಕ ಇಸಿದುಕೊಂಡು. ಜಗಳವಾಡಲಿಲ್ಲ, ಅಳಲಿಲ್ಲ. ಮೂವತ್ತೇಳನೇ ಪುಟ ತೆಗೆದು ಬಾಗಿಲೊಳಗೆ ಬೆರಳಿಟ್ಟು, "ಕಾಣಲ್ಲ ಅಂದಿದ್ರಿ" ಎಂದಳು. ಅಷ್ಟೇ. ಪುಸ್ತಕವನ್ನು ಅಲ್ಲೇ ಬಿಟ್ಟು ಹೋದಳು. ಅಜ್ಜ ಆಮೇಲೆ ಅಂಗಡಿ ಅಂಗಡಿ ಸುತ್ತಿ, ಸಿಕ್ಕಿದ ಪ್ರತಿಗಳನ್ನೆಲ್ಲ ವಾಪಸು ತಂದು ರದ್ದಿಗೆ ಹಾಕಿ ಅರೆಸಿದರು. ಸಿಗದೆ ಉಳಿದವು ಉಳಿದವು. ನೀರೂ ನುಗ್ಗಿರಲಿಲ್ಲ, ಬೆಂಕಿಯೂ ಬಿದ್ದಿರಲಿಲ್ಲ.

"ಈ ಹುಡುಗಿ ಮತ್ತೆ ತರ್ತೀನಿ ಅಂದಾಗ, ಈ ಸಲನಾದರೂ ಕಪ್ಪು ಕಪ್ಪಾಗಿ ಬರುತ್ತೆ ಅಂತ ಒಪ್ಪಿದೆ. ಕಪ್ಪು ಸರಿಯಾಗಿರಲಿ ಅಂತ ಒಪ್ಪಂದದ ಕಾಗದದಲ್ಲೂ ಬರೆಸಿದ್ದೆ," ಎಂದರು ಅಜ್ಜ.

ಹಲ್ಲಕ್ಕ ಯಾವ ಕಣ್ಣನ್ನು ನೆಚ್ಚಿಕೊಂಡು ಬದುಕಿದ್ದಳೋ ಆ ಕಣ್ಣಿನಿಂದಲೇ ಆ ಹೆಂಗಸನ್ನು ಎರಡನೇ ಸಲ ಹಿಡಿದುಕೊಟ್ಟಿದ್ದಳು. ಮೇಲ್ವಿಚಾರಕ ಗಿರಣಿಗೆ ಮಾತ್ರ ಹೇಳಿದ್ದ. ಇವಳು ಪತ್ರಿಕೆಗೆ ಬರೆದು, ರವಿಕೆ ಜಾರಿದ್ದನ್ನೂ ಬಿಡದೆ ಬಣ್ಣಿಸಿ, ಹೆಸರಿಟ್ಟು ಮೆರೆಸಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಮೇಜಿನ ಮೇಲೆ ತನ್ನ ಹಳೆಯ ಪ್ರತಿ ಅದೇ ಪುಟಕ್ಕೆ ತೆರೆದುಕೊಂಡು ಬಿದ್ದಿತ್ತು. ಅದನ್ನು ಮುಚ್ಚಿದಳು.

"ಆಕೆ ಈಗ ಇದಾರಾ ಅಜ್ಜ?"

"ಗೊತ್ತಿಲ್ಲ. ಊರು ಬಿಟ್ಟಳು. ಆದರೆ ಮಾತು ಕೊಟ್ಟವನು ನಾನು. ನಾನಿನ್ನೂ ಇದೀನಲ್ಲ."

ಪ್ರಕಾಶಕಿಯ ಮುಖ ಸಣ್ಣಗಾಗಿತ್ತು. "ಆ ಪುಟಾನೇ ತೆಗೆದುಬಿಡೋಣ್ವಾ ಅಜ್ಜ?"

"ಕಾವಲು ಕೂತ ಮೂವರು ಏನು ತಪ್ಪು ಮಾಡಿದಾರೆ? ತೆಗೆದರೆ ನನ್ನ ತಪ್ಪು ಮುಚ್ಚಿಟ್ಟ ಹಾಗಾಗುತ್ತೆ, ಸರಿ ಮಾಡಿದ ಹಾಗಾಗಲ್ಲ."

"ಆದ್ರೆ ಅಕ್ಕಾ," ಪ್ರಕಾಶಕಿ ಹಲ್ಲಕ್ಕನ ಕಡೆ ತಿರುಗಿದಳು, "ಜನ ಕಾಯ್ತಿರೋದೇ ಕತ್ತಲ ತಾಯಿಗೋಸ್ಕರ. ಎಲ್ಲ ಕಡೆ ಹಾಗೇ ಹೇಳಿದೀನಿ. ನಿಮ್ಮ ಲೇಖನ ಇರೋದೇ ಅದರ ಮೇಲೆ."

ಹಲ್ಲಕ್ಕ ಎಂಟು ಪುಟದ ಲೇಖನವನ್ನು ಎರಡಾಗಿ ಮಡಚಿದಳು, ನಾಲ್ಕಾಗಿ ಮಡಚಿದಳು, ಚೀಲದೊಳಗೆ ತುರುಕಿದಳು. ಅವಳು ಅಳುಮುಂಜಿಯಲ್ಲ, ಕೆಲಸ ಬಲ್ಲವಳು. ತಪ್ಪು ಅಚ್ಚು ಬಂದರೆ ಅದರ ಮುಂದೆ ಕೂತು ಗೋಳಾಡುವ ಪೈಕಿಯಲ್ಲ.

"ಲೇಖನ ಇಲ್ಲ," ಎಂದಳು. "ಯಾರಾದ್ರೂ ಕೇಳಿದರೆ ನನ್ನ ಹತ್ತಿರ ಕಳಿಸು, ನಾನು ಉತ್ತರ ಕೊಡ್ತೀನಿ. ನನ್ನ ಕೆಲಸದಲ್ಲಿ ಕಲಿಯೋಕೆ ಬಂದೋರಿಗೆ ಮೊದಲ ದಿನವೇ ಹೇಳ್ತೀನಿ, ಹಳೇ ಹಲ್ಲಿನ ಸೆಟ್ಟು ನೋಡಿ ಹೊಸ ಸೆಟ್ಟು ಮಾಡಬೇಡಿ, ಬಾಯಿ ನೋಡಿ ಮಾಡಿ ಅಂತ. ಹಳೇದು ಹತ್ತು ವರ್ಷ ಒಸಡು ಕೊಯ್ದಿರುತ್ತೆ, ಅದನ್ನೇ ನಕಲು ಮಾಡಿದರೆ ಇನ್ನೂ ಹತ್ತು ವರ್ಷ ಕೊಯ್ಯುತ್ತೆ. ಅದನ್ನ ನಾನೇ ಮರೆತೆ. ಅಜ್ಜ, ನೀವು ತೊಳೆದ ಪ್ರಿಂಟು ಇದೆಯಾ?"

ಇತ್ತು. ಅಜ್ಜ ಕೈಚೀಲದಿಂದ ರಟ್ಟಿನ ಲಕೋಟೆ ತೆಗೆದರು. ಯಾರಾದರೂ ಕೇಳಿಯಾರು ಎಂದು ಪ್ರಕಾಶಕಿಯನ್ನು ಕಾಣಲು ಬಂದ ಪ್ರತಿ ಸಲವೂ ತರುತ್ತಿದ್ದರಂತೆ, ಯಾರೂ ಕೇಳಿರಲಿಲ್ಲ. ಹಲ್ಲಕ್ಕ ಅದನ್ನು ಕಿಟಕಿಯ ಬಳಿ ಹಿಡಿದಳು. ಇಪ್ಪತ್ತು ವರ್ಷ ತಾನು ನೋಡಿದ ಚಿತ್ರ ಇದಲ್ಲವೇ ಅಲ್ಲ. ಮೂವರ ಮುಖಗಳು ಬಿಸಿಲಿಗೆ ಹೊಳೆಯುತ್ತಿದ್ದವು, ಲೋಟದ ಅಂಚು ಮಿಂಚುತ್ತಿತ್ತು. ಹಿಂದಿನ ಬಾಗಿಲು ಗಟ್ಟಿ ಕಪ್ಪು. ಆ ಕಪ್ಪಿದ್ದುದರಿಂದಲೇ ಮೂವರೂ ಹಾಳೆಯಿಂದ ಎದ್ದು ಬರುವಂತಿದ್ದರು. ಎಂಥ ಚಿತ್ರ! ಬೂದು ಬೂದು ಎಂದು ಹಾಡಿ ಹೊಗಳಿದ ತನ್ನ ಬಾಯಿಗೆ ತಾನೇ ಎರಡು ತಟ್ಟಬೇಕೆನಿಸಿತು.

"ಮುಗಿದಿರೋ ಮೂವತ್ತೆರಡು ಪುಟಾನೂ ಬದಿಗಿಡಿ," ಎಂದಳು. "ಎಲ್ಲ ಮತ್ತೆ ಮಾಡೋಣ. ಮೊದಲು ಇದು."

ಪ್ರಕಾಶಕಿ ಅಜ್ಜನ ಮುಖ ನೋಡಿ, ಅಚ್ಚಿನ ಪ್ಲೇಟ್ ಮಾಡುವ ಕೋಣೆಗೆ ಹೋದಳು.

ಹೊಸ ಪ್ಲೇಟಿನಿಂದ ಮೊದಲ ಹಾಳೆ ಬಂದಾಗ ಗಂಟೆ ಮೂರಾಗಿತ್ತು. ಬರಿಗಣ್ಣಿಗೆ ಬಾಗಿಲು ಕಪ್ಪು. ಹಲ್ಲಕ್ಕ ಭೂತಗನ್ನಡಿ ಇಟ್ಟಳು. ಮೊಣಕೈಯ ಒಂದು ಗೆರೆ ಕಂಡಿತು. "ಕಪ್ಪು ಮಸಿ ಇನ್ನೂ ಸ್ವಲ್ಪ ಬಿಡಿ," ಎಂದಳು. ಮಸಿಯಣ್ಣ ಬಿಟ್ಟ. ಈಗ ಮೊಣಕೈ ಹೋಯಿತು, ಅದರ ಜೊತೆಗೆ ನಡುವೆ ಕೂತವನ ತಲೆಗೂದಲೂ ಕತ್ತಲಲ್ಲಿ ಕಲಸಿಹೋಯಿತು.

"ಇನ್ನು ಆಗಲ್ಲ ಅಕ್ಕಾ," ಎಂದ ಮಸಿಯಣ್ಣ. "ಮಸಿ ಹೆಚ್ಚಿಸಿದರೆ ಅವಳೊಬ್ಬಳೇ ಅಲ್ಲ, ಇವರೂ ಮುಳುಗ್ತಾರೆ. ಕಮ್ಮಿ ಮಾಡಿದರೆ ಅವಳು ಎದ್ದು ಬರ್ತಾಳೆ. ಯಾರನ್ನ ಉಳಿಸಲಿ ಹೇಳಿ."

ಹಲ್ಲಕ್ಕ ಸೊಂಟದ ಮೇಲೆ ಕೈಯಿಟ್ಟು ಹಾಳೆಯನ್ನು ನೋಡಿದಳು. ಕಪ್ಪಾದ ಬೇರಿನ ಮೇಲೆ ಬಿಳಿ ಹಲ್ಲು ಕೂರಿಸುವಾಗ ಮೇಲೆ ಎಷ್ಟು ಬಿಳಿ ಬಳಿದರೂ ಅಡಿಯ ಕಪ್ಪು ಇಣುಕುತ್ತದೆ. ಅದಕ್ಕೆ ಅವಳು ಮೇಲೆ ಬಳಿಯುವುದೇ ಇಲ್ಲ. ಅಡಿಯಲ್ಲಿ ಒಂದು ಮಂದ ಪದರ ಕೊಟ್ಟು, ಅದರ ಮೇಲೆ ತೆಳುವಾಗಿ ಹಲ್ಲು ಕಟ್ಟುತ್ತಾಳೆ.

"ಮೇಲಿನ ಕಪ್ಪು ಮೊದಲು ಎಷ್ಟಿತ್ತೋ ಅಷ್ಟಕ್ಕೇ ತನ್ನಿ," ಎಂದಳು. "ಅಡಿಯ ಬೂದು ಇದೆಯಲ್ಲ, ಅದರ ಪ್ಲೇಟಲ್ಲಿ ಬಾಗಿಲೊಳಗೆ ಮಾತ್ರ ಪೂರ್ತಿ ತುಂಬಿಸಿ. ಗೆರೆ, ಚುಕ್ಕೆ ಏನೂ ಬೇಡ, ಗಟ್ಟಿಯಾಗಿ. ಅವಳನ್ನ ಅಡಿಯಿಂದ ಮುಚ್ಚೋಣ."

"ಹಲ್ಲು ಮಾಡ್ಕೊಂಡು ಹಾಳಾಗಿ ಹೋದ್ರಿ ಅಕ್ಕಾ. ಇಲ್ಲಿರಬೇಕಿತ್ತು ನೀವು," ಎಂದು ಮಸಿಯಣ್ಣ ಪ್ಲೇಟ್ ಬಿಚ್ಚಲು ಬಗ್ಗಿದ.

ಇನ್ನೊಂದು ಪ್ಲೇಟಾಯಿತು. ಹಾಳೆಗಳು ಬಂದವು. ಮಸಿ ಹದಕ್ಕೆ ಬರುವವರೆಗಿನ ಮೊದಲ ಐವತ್ತು ಹಾಳೆ ಬಿಟ್ಟು ಮುಂದಿನದನ್ನು ಮಸಿಯಣ್ಣ ಎರಡು ಕೈಯಲ್ಲಿ ಹಿಡಿದು ತಂದ. ಪ್ರಕಾಶಕಿ ಅಜ್ಜನನ್ನು ತೋಳು ಹಿಡಿದು ಮೆಷಿನ್ ಕೋಣೆಗೆ ಕರೆತಂದಳು. ಮೂವರ ಮುಖಗಳು ಬಿಸಿಲಿಗೆ ಹೊಳೆಯುತ್ತಿದ್ದವು, ನಡುವಿನವನ ಕೂದಲು ಎಳೆ ಎಳೆಯಾಗಿ ನಿಂತಿತ್ತು, ಬಾಗಿಲು ಬಾಗಿಲಾಗಿತ್ತು.

ಅಜ್ಜ ಹಾಳೆಯ ಮುಂದೆ ನಿಂತರು. ಅವರ ಪಾಲಿಗೆ ಅದು ಹೇಗೂ ಮಂಜೇ.

"ಕಾಣ್ತಾಳಾ?" ಎಂದರು.

ಪ್ರಕಾಶಕಿ, "ಇಲ್ಲ ಅಜ್ಜ, ಚೂರೂ ಕಾಣಲ್ಲ," ಎಂದಳು.

"ನೀನಲ್ಲಮ್ಮ." ಅಜ್ಜ ತಲೆಯಾಡಿಸಿ ಹಲ್ಲಕ್ಕ ನಿಂತಿದ್ದ ಕಡೆ ತಿರುಗಿದರು. "ಅವಳು ಹೇಳಲಿ. ಅವಳು ಹುಡುಕಿದವಳು."

ಹಲ್ಲಕ್ಕ ಭೂತಗನ್ನಡಿ ತೆಗೆದಳು. ಬುಟ್ಟಿ ಎಲ್ಲಿತ್ತು, ತಲೆ ಎಲ್ಲಿ ಬಗ್ಗಿತ್ತು, ಮುಷ್ಟಿ ಎಲ್ಲಿತ್ತು, ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಜಗತ್ತಿನಲ್ಲಿ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಒಂದು ಮೂಲೆಯಿಂದ ಶುರುಮಾಡಿ ಬಾಗಿಲೊಳಗಿನ ಕತ್ತಲನ್ನು ಬೆರಳಗಲ ಬೆರಳಗಲ ಹುಡುಕಿದಳು. ಹಾಳೆಯನ್ನು ದೀಪದ ಕೆಳಗೆ ಓರೆ ಮಾಡಿ ನೋಡಿದಳು, ತಿರುಗಿಸಿ ನೋಡಿದಳು. ಪುಸ್ತಕದ ಹುಚ್ಚು ಹತ್ತಿದಾಗಿನಿಂದ ಏನನ್ನಾದರೂ ಕಾಣಬೇಕು ಎಂದೇ ಆ ಕನ್ನಡಿ ಹಿಡಿದವಳು, ಈಗ ಏನೂ ಕಾಣದಿರಲಿ ಎಂದು ಹಿಡಿದಿದ್ದಳು.

"ಇಲ್ಲ ಅಜ್ಜ," ಎಂದಳು ಕೊನೆಗೆ. "ನನಗೇ ಕಾಣ್ತಿಲ್ಲ."

ಅಜ್ಜ ಕೈ ಚಾಚಿ, ಬಾಗಿಲು ಎಲ್ಲಿದೆ ಎಂದು ಕೇಳಿದರು. ಹಲ್ಲಕ್ಕ ಅವರ ಬೆರಳು ಹಿಡಿದು ಅಲ್ಲಿ ಇಟ್ಟಳು. ಮಸಿ ಇನ್ನೂ ಹಸಿ ಇತ್ತು, ಅವರ ಬೆರಳತುದಿ ಕಪ್ಪಾಯಿತು.

"ಹಾಗಾದರೆ ಮೆಷಿನ್ ಓಡಿಸಪ್ಪ," ಎಂದರು ಮಸಿಯಣ್ಣನಿಗೆ.